ಹಿಟ್ಟಿನ ಕೋಳಿ, ಮಣ್ಣಿನ ಎತ್ತು

ಹೆದರಿಕೆಯೂ ಒಂದು ರುಚಿ. ನಾಲಗೆಗೆ ಆರು ರಸ, ಮನಸ್ಸಿಗೆ ಒಂಬತ್ತು ರಸ ಎಂದು ನಮ್ಮ ಹಿರಿಯರು ಲೆಕ್ಕ ಹಾಕಿಟ್ಟಿದ್ದಾರೆ. ಆ ಒಂಬತ್ತರ ಪಂಕ್ತಿಯಲ್ಲಿ ಭಯಾನಕಕ್ಕೂ ಒಂದು ಎಲೆ ಹಾಕಿದ್ದಾರೆ. ಆದರೂ ಶೃಂಗಾರವನ್ನು ಸವಿಯುವವನನ್ನು ರಸಿಕನೆಂದು ಕರೆಯುವ ಲೋಕ, ಭಯಾನಕವನ್ನು ಸವಿಯುವವನನ್ನು ಕಂಡರೆ ‘ಇವನಿಗೇನು ಬಂತು?’ ಎಂದು ಕೇಳುತ್ತದೆ. ನಾನು ಈ ಎರಡನೆಯ ವರ್ಗಕ್ಕೆ ಸೇರಿದವನು. ವಯಸ್ಸು 46, ಉದ್ಯೋಗ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವುದು. ಹಗಲೆಲ್ಲ ಪಂಪ, ರನ್ನ, ಜನ್ನರ ಸಹವಾಸ; ರಾತ್ರಿ ಊಟವಾದ ಮೇಲೆ ದೆವ್ವಗಳ ಸಹವಾಸ. ಹಳೆಯದಿರಲಿ ಹೊಸದಿರಲಿ, ಒಂದು ದೆವ್ವದ ಸಿನಿಮಾ ಸಿಕ್ಕಿತೆಂದರೆ ನನಗೆ ಹಬ್ಬ.

ಆದರೆ ಈ ಶೌರ್ಯಕ್ಕೆ ಒಂದು ಮಿತಿಯುಂಟು. ಕಥೆಯೊಳಗೆ ಒಂದು ನಾಯಿ ಬಂದರೆ ಸಾಕು, ನನ್ನ ಜೀವ ಅರ್ಧವಾಗುತ್ತದೆ. ದೆವ್ವದ ಕಥೆಯಲ್ಲಿ ನಾಯಿ ಕೊನೆಯತನಕ ಉಳಿಯುವುದು ಅಪರೂಪ. ಅದು ಬಾಗಿಲ ಕಡೆ ನೋಡಿ ಗುರುಗುಟ್ಟಿತೆಂದರೆ ಅದರ ಆಯುಷ್ಯ ಮುಗಿಯಿತೆಂದೇ ಅರ್ಥ. ಆಗ ನಾನು ಎದ್ದು ನೀರು ಕುಡಿಯುವ ನೆವದಿಂದ ಅಡಿಗೆಮನೆಗೆ ಹೋಗುತ್ತೇನೆ. ನನ್ನ ಹೆಂಡತಿ ಇದನ್ನು ಬಹಳ ದಿನಗಳಿಂದ ಗಮನಿಸಿ ಒಂದು ದಿನ ಅಂದಳು: “ಮನಷ್ಯಾರು ಹತ್ತು ಮಂದಿ ಸತ್ರೂ ಶೇಂಗಾ ತಿನಕೋತ ಕುಂಡ್ರತೀರಿ. ನಾಯಿ ಕುಂಯ್ ಅಂದ್ರ ಎದ್ದು ಹೋಗ್ತೀರಿ. ಇದ್ಯಾವ ನ್ಯಾಯರೀ?”

ಇದ್ಯಾವ ನ್ಯಾಯ? ಆ ಪ್ರಶ್ನೆಗೆ ಉತ್ತರ ಹುಡುಕುವುದೇ ಈ ಬರಹದ ಉದ್ದೇಶ. ಉತ್ತರದ ಬೇರು ನನ್ನ ಊರಿನಲ್ಲಿದೆಯಾದ್ದರಿಂದ ಮೊದಲು ಅಲ್ಲಿಗೆ ಹೋಗಬೇಕು.

ನನ್ನ ಊರು ನರಗುಂದದ ಸೀಮೆಯ ಶಿರೋಳ. ಎರೆಮಣ್ಣಿನ ಬಯಲು. ಹಗಲಲ್ಲಿ ನೋಡಿದರೆ ಕಣ್ಣು ಎಲ್ಲಿಯವರೆಗೆ ಹೋಗುತ್ತದೆಯೋ ಅಲ್ಲಿಯವರೆಗೂ ಹೊಲ. ರಾತ್ರಿ ನೋಡಿದರೆ ಎಲ್ಲಿಯವರೆಗೂ ಕತ್ತಲೆ. ಮಲೆನಾಡಿನ ಕತ್ತಲೆಗೆ ಗುಡ್ಡ ಮರಗಳ ಗೋಡೆಯಾದರೂ ಇರುತ್ತದೆ, ನಮ್ಮ ಕತ್ತಲೆಗೆ ಗೋಡೆಯೇ ಇಲ್ಲ. ಇಂಥ ಸೀಮೆಯಲ್ಲಿ ದೆವ್ವಕ್ಕೆ ವಾಸಕ್ಕೆ ಒಂದು ಬೇವಿನ ಮರ ಸಿಕ್ಕರೂ ಸಾಕಾಗುತ್ತಿತ್ತು. ಉಳಿದ ಕೆಲಸವನ್ನು ನಮ್ಮ ಅಜ್ಜಿ ಮಾಡುತ್ತಿದ್ದಳು.

ಅಜ್ಜಿಯ ಕಥೆಗಳಲ್ಲಿ ಎಲ್ಲಕ್ಕಿಂತ ಭಯಂಕರವಾದುದು ದೆವ್ವದ ಕಥೆಯಲ್ಲ, ನಡೆದ ಸಂಗತಿ. 1858ರಲ್ಲಿ ನರಗುಂದದ ಬಾಬಾಸಾಹೇಬನ ಜನ ಸುರೇಬಾನದಲ್ಲಿ ಮ್ಯಾನ್ಸನ್ ಎಂಬ ಇಂಗ್ಲಿಷ್ ಅಧಿಕಾರಿಯ ತಲೆ ಕಡಿದು, ನರಗುಂದಕ್ಕೆ ತಂದು ಅಗಸಿಗೆ ತೂಗಹಾಕಿದರು. ಕೆಲವೇ ದಿನಗಳಲ್ಲಿ ಇಂಗ್ಲಿಷರು ಬಾಬಾಸಾಹೇಬನನ್ನು ಹಿಡಿದು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು. ಪಠ್ಯಪುಸ್ತಕದಲ್ಲಿ ಇದು ವೀರರಸದ ಪ್ರಸಂಗ. ಅಜ್ಜಿ ಹೇಳುವಾಗ ಅಗಸಿಯ ತಲೆಯವರೆಗೂ ಬಂದು, ನಾವು ಕೌದಿಯೊಳಗೆ ಮುದುಡಿಕೊಂಡಾಗ ಒಂದು ಗಳಿಗೆ ಸುಮ್ಮನಾಗಿ, “ಅಂವನೂ ಯಾವಾಕಿದರ ಮಗಾ ಅಲ್ಲೇನ?” ಎನ್ನುತ್ತಿದ್ದಳು. ಬಾಬಾಸಾಹೇಬನ ಪಕ್ಷವನ್ನು ಅವಳು ಬಿಟ್ಟವಳಲ್ಲ. ಆದರೂ ಆ ಒಂದು ಮಾತಿಲ್ಲದೆ ಅವಳ ಕಥೆ ಮುಗಿಯುತ್ತಿರಲಿಲ್ಲ.

ಎರಡನೆಯ ಗುರು ‘ಚಂದಮಾಮ’. 1949ರಲ್ಲಿ ಕನ್ನಡಕ್ಕೆ ಬಂದ ಆ ಪತ್ರಿಕೆಯ ಹಳೆಯ ಸಂಚಿಕೆಗಳನ್ನು ನಮ್ಮೂರಿನ ಮಾಸ್ತರೊಬ್ಬರು ದಾರ ಹಾಕಿ ಹೊಲಿದಿಟ್ಟಿದ್ದರು. ಅದರಲ್ಲಿ ಬೇತಾಳನ ಕಥೆಯ ಮೇಲಿರುತ್ತಿದ್ದ ಚಿತ್ರವನ್ನು ನನ್ನ ವಯಸ್ಸಿನವರು ಯಾರೂ ಮರೆತಿರಲಾರರು: ಕೈಯಲ್ಲಿ ಕತ್ತಿ, ಹೆಗಲ ಮೇಲೆ ಹೆಣ, ನಡುರಾತ್ರಿಯ ಸ್ಮಶಾನದಲ್ಲಿ ನಡೆಯುತ್ತಿರುವ ರಾಜ. ಅದನ್ನು ಬರೆದ ಚಿತ್ರಕಾರ ಶಂಕರ್ 2020ರಲ್ಲಿ, ತೊಂಬತ್ತು ದಾಟಿದ ಮೇಲೆ ತೀರಿಕೊಂಡರು. ಆ ಹೆಣದೊಳಗಿನ ಬೇತಾಳ ಕಚ್ಚುವುದಿಲ್ಲ, ಕೊಲ್ಲುವುದಿಲ್ಲ. ಒಂದು ಕಥೆ ಹೇಳಿ ಒಂದು ಪ್ರಶ್ನೆ ಕೇಳುತ್ತದೆ. ಉತ್ತರ ಗೊತ್ತಿದ್ದೂ ಸುಮ್ಮನಿದ್ದರೆ ತಲೆ ಸಿಡಿದು ಸಾವಿರ ಹೋಳು. ಬಾಯಿ ಬಿಟ್ಟರೆ ಹೆಣ ಹಾರಿ ಮತ್ತೆ ಮರಕ್ಕೆ. ಮತ್ತೆ ಹೋಗಿ ಹೊತ್ತು ತರಬೇಕು. ಗೊತ್ತಿದ್ದೂ ಸುಮ್ಮನಿರುವುದಕ್ಕೆ ಇಷ್ಟು ದೊಡ್ಡ ಶಿಕ್ಷೆಯೇಕೆಂದು ಆಗ ನನಗೆ ತಿಳಿದಿರಲಿಲ್ಲ.

ಮೂರನೆಯದು ವಿಡಿಯೋ. 1991ರ ಗಣೇಶನ ಹಬ್ಬದಲ್ಲಿ ಪಕ್ಕದ ಊರಿನವರು ಟಿ.ವಿ., ವಿ.ಸಿ.ಪಿ.ಗಳನ್ನು ಬಾಡಿಗೆಗೆ ತಂದು ಗುಡಿಯ ಮುಂದೆ ರಾತ್ರಿಯೆಲ್ಲ ಸಿನಿಮಾ ಹಾಕಿದ್ದರು. ಅಲ್ಲಿ ನೋಡಿದ್ದು ‘ನಾ ನಿನ್ನ ಬಿಡಲಾರೆ’. ಅನಂತನಾಗ್ ಮತ್ತು ಲಕ್ಷ್ಮಿಯವರು ನಟಿಸಿದ, 1979ರಲ್ಲಿ ತೆರೆಗೆ ಬಂದ ಚಿತ್ರ. ನೋಡಿ ಮುಗಿಸಿ ನಮ್ಮ ಕಾಕಾನ ಚಕ್ಕಡಿಯಲ್ಲಿ ಊರಿಗೆ ಹೊರಟಾಗ ನಾವು ಹುಡುಗರೆಲ್ಲ ಒಬ್ಬರ ಮಗ್ಗುಲಿಗೊಬ್ಬರು ಅಂಟಿಕೊಂಡಿದ್ದೆವು. ಹಳ್ಳದ ದಂಡೆಯ ಬೇವಿನ ಮರದ ಹತ್ತಿರ ಬಂದಾಗ ಎತ್ತುಗಳು ಥಟ್ಟನೆ ನಿಂತವು. ಬಲಗಡೆಯ ಎತ್ತು ನಮ್ಮ ಸಾರಂಗ; ಬಿಳಿಯ ಕಿಲಾರಿ, ನಡಿಗೆಯಲ್ಲಿ ಊರಿಗೇ ಹೆಸರಾದುದು. ಕಾಕಾ ಬಾರಕೋಲು ಎತ್ತಿದ, ಬಾಯಿ ಮಾಡಿದ. ಸಾರಂಗ ಒಂದು ಹೆಜ್ಜೆ ಮುಂದಿಡಲಿಲ್ಲ. ಪಶುಗಳಿಗೆ ದೆವ್ವ ಕಾಣಿಸುತ್ತದೆಂದು ಅಜ್ಜಿ ಹೇಳಿದ್ದು ನಮಗೆಲ್ಲ ಒಟ್ಟಿಗೇ ನೆನಪಾಯಿತು. ಕಾಕಾನ ಬಾಯಲ್ಲೂ ಎಲ್ಲಮ್ಮನ ಹೆಸರು ಬಂದಿತ್ತು.

ಆಗ ನೊಗದ ಕೆಳಗಿನಿಂದ ‘ಕುಂಯ್’ ಎಂದು ಸಣ್ಣ ದನಿ ಬಂತು. ಕಾಕಾ ನಡುಗುತ್ತಲೇ ಬ್ಯಾಟರಿ ಹಾಕಿದ. ಗಾಲಿಯ ಹಾದಿಯಲ್ಲಿ ಒಂದು ಬಡಕಲು ಹೆಣ್ಣುನಾಯಿ ನಾಲ್ಕು ಮರಿಗಳನ್ನು ಹೊಟ್ಟೆಗೆ ಅವಚಿಕೊಂಡು ಮಲಗಿತ್ತು. ಅದು ನಮ್ಮನ್ನು ನೋಡಿ ಹಲ್ಲು ತೆರೆಯಿತು, ಆದರೆ ಓಡಲಿಲ್ಲ. ಸಾರಂಗ ತಲೆ ತಗ್ಗಿಸಿ ಅದರ ಮುಖದ ಮೇಲೆ ಬುಸ್ಸೆಂದು ಉಸಿರು ಬಿಡುತ್ತ ನಿಂತಿತ್ತು. ಕಾಕಾ ಚಕ್ಕಡಿಯನ್ನು ಹಿಂದೆ ಸರಿಸಿ, ಹೊಲದೊಳಗೆ ಇಳಿಸಿ, ಬಳಸಿಕೊಂಡು ಹೊಡೆದ. ತಿಂಗಳೊಪ್ಪತ್ತು ಕಳೆದ ಮೇಲೆ ಆ ಮರಿಗಳಲ್ಲೊಂದು ನಮ್ಮ ಮನೆಗೆ ಬಂತು. ನನ್ನ ಎರಡು ಹುಚ್ಚುಗಳೂ ಹುಟ್ಟಿದ್ದು ಆ ಒಂದೇ ರಾತ್ರಿ, ಒಂದೇ ಮರದ ಕೆಳಗೆ ಎಂದು ಈಗಲೂ ನನಗೆ ಅನ್ನಿಸುತ್ತದೆ.

ಇಲ್ಲಿಯವರೆಗೆ ಹೇಳಿದ್ದು ಹೇಳಲು ಸುಲಭವಾದ ಭಾಗ. ಮುಂದಿನದು ಅಷ್ಟು ಸುಲಭವಲ್ಲ.

1995ರ ಬೇಸಿಗೆ. ಉಳುಮೆಗೆ ಬಾಡಿಗೆಯ ಟ್ರ್ಯಾಕ್ಟರ್ ಸಿಗತೊಡಗಿತ್ತು. ಸಾರಂಗನಿಗೆ ಮುಪ್ಪು ಹತ್ತಿತ್ತು. ಹೆಗಲಿನ ಹುಣ್ಣು ಮಾಯುತ್ತಿರಲಿಲ್ಲ. ಬಣವೆ ಕರಗುತ್ತ ಬಂದಿತ್ತು. ದನದ ಸಂತೆಯ ಹಿಂದಿನ ರಾತ್ರಿ ಅಪ್ಪ ಉಂಡು ಕೈ ತೊಳೆದು, ಯಾರನ್ನೂ ನೋಡದೆ, “ನಾಳೆ ಸಾರಂಗನ್ನ ಹೊಡಕೊಂಡ ಹೋಗೂನಂತ ಮಾಡೇನಿ. ಏನಂತೀಯೋ?” ಎಂದು ಕೇಳಿದ. ಹದಿನಾರು ವರ್ಷದ ಹುಡುಗನನ್ನು ಅಪ್ಪ ಅಭಿಪ್ರಾಯ ಕೇಳಿದ್ದು ಅದೇ ಮೊದಲು. ಮುದಿ ಎತ್ತನ್ನು ಸಂತೆಯಲ್ಲಿ ಯಾರು ಕೊಳ್ಳುತ್ತಾರೆ, ಏಕೆ ಕೊಳ್ಳುತ್ತಾರೆ ಎಂಬುದು ನನಗೆ ಗೊತ್ತಿತ್ತು. ನನಗೆ ಗೊತ್ತಿದೆಯೆಂದು ಅಪ್ಪನಿಗೂ ಗೊತ್ತಿತ್ತು. ‘ಬ್ಯಾಡ’ ಎಂಬ ಒಂದು ಮಾತಿಗಾಗಿ ಅವನು ಕಾಯುತ್ತಿದ್ದನೆಂದು ಈಗ ತೋರುತ್ತದೆ. ನಾನು ಸುಮ್ಮನಿದ್ದೆ.

ಮರುದಿನ ದಲಾಲನೂ ಕೊಳ್ಳುವವನೂ ಟವೆಲ್ಲಿನ ಕೆಳಗೆ ಬೆರಳು ಹಿಡಿದು ವ್ಯವಹಾರ ಮುಗಿಸಿದರು. ಹಗ್ಗ ಕೈ ಬದಲಾಯಿಸುವಾಗ ಸಾರಂಗ ಸಪ್ಪಳವನ್ನೇ ಮಾಡಲಿಲ್ಲ. ಹೊಸಬನ ಹಿಂದೆ, ಹೊಲಕ್ಕೆ ಹೊರಟಂತೆ, ಅದೇ ಹೆಸರಾದ ನಡಿಗೆಯಲ್ಲಿ ಹೋಯಿತು. ಅಪ್ಪ ಗೆಜ್ಜೆಸರವನ್ನು ಬಿಚ್ಚಿಕೊಂಡು ಹೆಗಲಿಗೆ ಹಾಕಿಕೊಂಡಿದ್ದ. ಬರುವಾಗ ದಾರಿಯುದ್ದಕ್ಕೂ ಅದು ಅವನ ಮೈಮೇಲೆ ಘಲ್ಲೆನ್ನುತ್ತಿತ್ತು. ಎಷ್ಟೋ ದೆವ್ವದ ಸಿನಿಮಾಗಳಲ್ಲಿ ಗೆಜ್ಜೆಯ ಸಪ್ಪಳ ಕೇಳಿದ್ದೇನೆ. ಯಾವುದೂ ನನ್ನನ್ನು ಅಷ್ಟು ಹೆದರಿಸಿಲ್ಲ. ಕಾರಹುಣ್ಣಿಮೆ ಕಳೆದು ಮಣ್ಣೆತ್ತಿನ ಅಮಾವಾಸ್ಯೆ ಬಂದಾಗ ನಾನೇ ಎರೆಮಣ್ಣು ತಂದು, ಜೋಳದ ಕಾಳಿನ ಕಣ್ಣಿಟ್ಟು, ಜೋಡೆತ್ತು ಮಾಡಿದೆ. ಅವ್ವ ಪೂಜೆ ಮಾಡಿ ಹೋಳಿಗೆಯ ಎಡೆ ಹಿಡಿದಳು. ಅತ್ತ ಗೋದಲಿ ಖಾಲಿಯಾಗಿತ್ತು. ಮಣ್ಣಿನ ಎತ್ತಿಗೆ ನಾನು ಅಂದು ಮಾಡಿದಷ್ಟು ಭಕ್ತಿಯ ನಮಸ್ಕಾರವನ್ನು ಮತ್ತೆಂದೂ ಮಾಡಿಲ್ಲ.

ಇಷ್ಟೆಲ್ಲ ಈಗ ನೆನಪಾಗುವುದಕ್ಕೆ ಒಬ್ಬ ವಿದ್ಯಾರ್ಥಿನಿ ಕಾರಣ. ಕಳೆದ ವರ್ಷ ಬಿ.ಎ. ತರಗತಿಯಲ್ಲಿ ಜನ್ನನ ‘ಯಶೋಧರ ಚರಿತೆ’ಯನ್ನು ಪಾಠ ಮಾಡುತ್ತಿದ್ದೆ. 1209ರ ಈ ಕಾವ್ಯ ಕನ್ನಡದ ಮೊದಲ ದರ್ಜೆಯ ಭಯಾನಕ ಕಥೆಯೆಂದರೆ ಪಂಡಿತರು ಕೋಪಿಸಿಕೊಳ್ಳಬಾರದು. ಮಾರಿಯ ಗುಡಿ, ಬಲಿಗಾಗಿ ಕೂಡಿಹಾಕಿದ ಪ್ರಾಣಿಗಳು, ಬಲಿಗೆಂದು ಹಿಡಿದು ತಂದ ಅಣ್ಣ ತಂಗಿ, ಕತ್ತಿ ಹಿಡಿದು ನಿಂತ ಮಾರಿದತ್ತ ರಾಜ. ಆ ಕತ್ತಿಯ ಕೆಳಗೆ ನಿಂತು ಅಣ್ಣ ಅಭಯರುಚಿ ತನ್ನ ಹಿಂದಿನ ಜನ್ಮಗಳ ಕಥೆ ಹೇಳುತ್ತಾನೆ. ಯಶೋಧರನಾಗಿದ್ದಾಗ ಅವನು ಜೀವವಧೆಗೆ ಒಪ್ಪಲಿಲ್ಲ. ತಾಯಿ ಚಂದ್ರಮತಿ ಬಿಡಲಿಲ್ಲ. ಕೊನೆಗೆ ತಾಯಿಮಕ್ಕಳು ರಾಜಿಯಾಗಿ ಹಿಟ್ಟಿನ ಕೋಳಿಯೊಂದನ್ನು ಮಾಡಿಸಿ ದೇವಿಗೆ ಕಡಿದರು. ಕಡಿದಾಗ ಆ ಹಿಟ್ಟಿನ ಕೋಳಿ ಕೂಗಿತು! ಅಷ್ಟರಿಂದಲೇ ಅವರಿಬ್ಬರೂ ನವಿಲು, ನಾಯಿ, ಹಾವು, ಮೀನು, ಆಡು, ಕೋಣ, ಕೋಳಿ ಎಂದು ಜನ್ಮಜನ್ಮಾಂತರ ತಿರುಗಿ, ಪ್ರತಿಸಲವೂ ಒಬ್ಬರಲ್ಲ ಒಬ್ಬರ ಕೈಯಲ್ಲಿ ಸತ್ತರು. ಕೈಯಲ್ಲಿದ್ದುದು ಹಿಟ್ಟು, ಮನಸ್ಸಿನಲ್ಲಿದ್ದುದು ಕೊಲೆ. ಸಂಕಲ್ಪವೇ ಹಿಂಸೆ ಎಂದು ಪಾಠ ಮುಗಿಸಿದೆ.

ಹಿಂದಿನ ಬೆಂಚಿನಿಂದ ಆ ಹುಡುಗಿ ಎದ್ದು ನಿಂತಳು: “ಸರ್, ಹಿಟ್ಟಿನ ಕೋಳಿ ಕಡದದ್ದಕ್ಕ ಅಷ್ಟು ಜನ್ಮ ಒದ್ದಾಡಬೇಕಾತಂದ್ರ, ದೆವ್ವದ ಸಿನಿಮಾದಾಗ ಕೊಲಿ ನೋಡಿ ಖುಷಿ ಪಡೋರ ಗತಿ ಏನ್ರೀ?” ನನ್ನ ಚಟ ಕಾಲೇಜಿಗೆಲ್ಲ ಗೊತ್ತು, ತರಗತಿ ನಕ್ಕಿತು. ಗಂಟೆ ಹೊಡೆದದ್ದೇ ನೆವವಾಗಿ, ನಾಳೆ ನೋಡೋಣವೆಂದು ಹೊರಬಿದ್ದೆ. ಹಿಂದೆ 1990ರ ದಶಕದಲ್ಲಿ ನಮ್ಮ ನಾಡಿನಲ್ಲಿ ದೆವ್ವ ಬಂದು ಬಾಗಿಲು ತಟ್ಟುತ್ತದೆಂಬ ಸುದ್ದಿ ಹಬ್ಬಿದಾಗ ಜನ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದಿದ್ದರು. ನಾನು ಆ ಪ್ರಶ್ನೆಗೂ ಅದನ್ನೇ ಬರೆದೆ. ಆದರೆ ದೆವ್ವಕ್ಕಿರುವ ವಿಧೇಯತೆ ಪ್ರಶ್ನೆಗಿಲ್ಲ.

ಹಲವು ರಾತ್ರಿ ಯೋಚಿಸಿ ಒಂದು ಉತ್ತರ ಕಟ್ಟಿಕೊಂಡೆ. ಹಿಟ್ಟಿನ ಕೋಳಿಯನ್ನು ಕಡಿದವರ ಮನಸ್ಸು ಕತ್ತಿಯ ಹಿಡಿಯ ಕಡೆಗಿತ್ತು. ಭಯಾನಕ ಕಥೆಯನ್ನು ನೋಡುವವನ ಮನಸ್ಸು ಕೊರಳಿನ ಕಡೆಗಿರುತ್ತದೆ. ಬಾಗಿಲಾಚೆ ಸಪ್ಪಳವಾದಾಗ ನಮ್ಮ ಎದೆ ಹೊಡೆದುಕೊಳ್ಳುವುದು ಬಾಗಿಲೊಳಗೆ ನಿಂತವಳಿಗಾಗಿ. ನಮಗೆ ನಾಳೆ ಬೆಳಗಾಗುತ್ತದೆಂಬ ಭರವಸೆಯಿದೆ. ಆ ಭರವಸೆಯ ಗೋಡೆಗೆ ಒರಗಿಕೊಂಡು, ಅದಿಲ್ಲದವರ ಪಾಡನ್ನು ಒಂದೆರಡು ತಾಸು ಅನುಭವಿಸುತ್ತೇವೆ. ಎಂದಾದರೂ ನಮ್ಮ ಮನಸ್ಸು ಕೊರಳಿನಿಂದ ಹಿಡಿಯ ಕಡೆಗೆ ಜಾರಿತೋ, ‘ಇನ್ನೂ ಕಡಿ’ ಎಂದಿತೋ, ಅಂದು ಹಿಟ್ಟಿನ ಕೋಳಿ ಕೂಗುತ್ತದೆ. ಆಗ ಎದ್ದು ಬರುವುದು ಒಳ್ಳೆಯದು.

ಇನ್ನು ನಾಯಿಯ ಪ್ರಶ್ನೆ. ತೆರೆಯ ಮೇಲಿನ ಮನುಷ್ಯರೆಲ್ಲ ಸಂಬಳ ತೆಗೆದುಕೊಂಡು ಹೆದರುತ್ತಾರೆ, ಸತ್ತವರು ಎದ್ದು ಚಹ ಕುಡಿಯುತ್ತಾರೆ. ಇದು ಆಟವೆಂದು ತಿಳಿಯದೆ ಅಲ್ಲಿರುವ ಜೀವ ಅದೊಂದೇ. ಅದು ಬೆದರಿದ್ದರೆ ನಿಜವಾಗಿಯೂ ಬೆದರಿದೆ. ಈ ತಿಳಿವಳಿಕೆ ನಮ್ಮ ದೇಶದ ಕಾನೂನಿಗೂ ಬಂದಿದೆ. ರಾಜ್ಯಸಭೆಯಲ್ಲಿ ನೃತ್ಯಕಲಾವಿದೆ ರುಕ್ಮಿಣಿದೇವಿ ಅರುಂಡೇಲರು ಹಠ ಹಿಡಿದು ಹೋರಾಡಿದ ಫಲವಾಗಿ 1960ರಲ್ಲಿ ಪ್ರಾಣಿಹಿಂಸೆ ತಡೆಯುವ ಕಾಯಿದೆ ಬಂತು. 1962ರಲ್ಲಿ ಪ್ರಾಣಿಕಲ್ಯಾಣ ಮಂಡಳಿ ಹುಟ್ಟಿತು. 2001ರ ನಿಯಮಗಳ ಮೇಲೆ ಸಿನಿಮಾದವರು ಪ್ರಾಣಿಗಳನ್ನು ಬಳಸಬೇಕಾದರೆ ಅನುಮತಿ ಪಡೆಯಬೇಕು. ಚಿತ್ರದ ಆರಂಭದಲ್ಲಿ, ಯಾವ ಪ್ರಾಣಿಗೂ ಹಿಂಸೆಯಾಗಿಲ್ಲವೆಂಬ ಸಾಲನ್ನು ನಾನು ಮಂಗಳಾಚರಣೆಯಂತೆ ಓದುತ್ತೇನೆ.

ಹಾಗಾದರೆ ಪುಸ್ತಕದೊಳಗಿನ ನಾಯಿಗಾಗಿ ಏಕೆ ಅಳುತ್ತೇವೆ? ಅಲ್ಲಿ ನಿಜವಾದ ನಾಯಿಯೇ ಇಲ್ಲವಲ್ಲ! ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ 1967ರಲ್ಲಿ ಬಂದ ಕಾದಂಬರಿ. ಅದರಲ್ಲಿ ಸಾವುಗಳಿಗೇನೂ ಕೊರತೆಯಿಲ್ಲ. ಆದರೆ ಓದಿದವರನ್ನು ಕೇಳಿ ನೋಡಿ: ಅವರು ಮೊದಲು ನೆನೆಯುವುದು ತುಂಗೆಯ ಪ್ರವಾಹದ ಪಾಲಾದ ಗುತ್ತಿಯ ನಾಯಿ ಹುಲಿಯನನ್ನು. ಮನುಷ್ಯರು ಆ ಕಥೆಯಲ್ಲಿ ಪ್ರೇಮಕ್ಕೋ ಹಣಕ್ಕೋ ಹಗೆಗೋ ಸಿಕ್ಕಿಕೊಂಡಿದ್ದಾರೆ. ಹುಲಿಯನಿಗೆ ಆ ಯಾವ ವ್ಯವಹಾರದಲ್ಲೂ ಪಾಲಿಲ್ಲ. ಒಡೆಯ ಹೊರಟನೆಂದು ಅದೂ ಹೊರಟಿತು, ಅಷ್ಟೆ. ನಮ್ಮ ಕಥೆಯ ಬೆಲೆಯನ್ನು, ಕಥೆಯೇ ಗೊತ್ತಿಲ್ಲದ ಜೀವವೊಂದು ತೆತ್ತಾಗ ಆಗುವ ಸಂಕಟ ಅದು. ಹೊಸಬನ ಹಿಂದೆ ಹೊಲಕ್ಕೆ ಹೊರಟಂತೆ ನಡೆದ ಸಾರಂಗನ ಬೆನ್ನು ನನಗೆ ಆಗ ಕಾಣಿಸುತ್ತದೆ.

ಈ ಉತ್ತರವನ್ನು ತರಗತಿಯಲ್ಲಿ ಹೇಳಿದೆ. ಹುಡುಗಿ ತೃಪ್ತಳಾದಂತೆ ಕಂಡಳು. ನಾನು ಆಗಲಿಲ್ಲ. ಏಕೆಂದರೆ ಅವಳ ಪ್ರಶ್ನೆಯನ್ನು ತಿರುವಿ ಹಾಕಿದರೆ ಇನ್ನೊಂದು ಪ್ರಶ್ನೆ ಹುಟ್ಟುತ್ತದೆ, ಅದನ್ನು ಅವಳು ಕೇಳಲಿಲ್ಲ. ಮನಸ್ಸಿನಲ್ಲಿ ಕೊಂದರೂ ಕೊಂದಂತೆಯೇ ಎನ್ನುವುದಾದರೆ, ಮನಸ್ಸಿನಲ್ಲಿ ಪ್ರೀತಿಸಿದರೂ ಪ್ರೀತಿಸಿದಂತೆಯೆ? ಹಿಟ್ಟಿನ ಕೋಳಿಯ ಲೆಕ್ಕದಲ್ಲಿ ಪಾಪ ಬರುವುದಾದರೆ, ಮಣ್ಣಿನ ಎತ್ತಿನ ಲೆಕ್ಕದಲ್ಲಿ ಪುಣ್ಯವೂ ಬರಬೇಕಲ್ಲವೆ?

ಬರುವುದಿಲ್ಲವೆಂದೇ ನನಗೆ ತೋರುತ್ತದೆ. ಹಿಂಸೆ ಮನಸ್ಸಿನಲ್ಲಿಯೇ ಪೂರ್ತಿಯಾಗಬಲ್ಲದು, ದಯೆ ಆಗಲಾರದು. ಅದಕ್ಕೆ ಕೈ ಬೇಕು, ಬಾಯಿ ಬೇಕು, ಕೆಲವೊಮ್ಮೆ ಕಿಸೆಯೂ ಬೇಕು. ಸಾರಂಗನನ್ನು ನಾನು ಪ್ರೀತಿಸಿದ್ದರಲ್ಲಿ ಕೊರತೆಯಿರಲಿಲ್ಲ. ಆ ಪ್ರೀತಿಯಿಂದ ಅದಕ್ಕೆ ಒಂದು ಹಿಡಿ ಕಣಕಿಯೂ ಸಿಗಲಿಲ್ಲ. ಈಗ ‘ಚಂದಮಾಮ’ ನಿಂತುಹೋಗಿದೆ. ಅದರ ಹಳೆಯ ಸಂಚಿಕೆಗಳನ್ನು ಫೋನಿನಲ್ಲಿ ತಿರುವಿ ಕಣ್ಣು ಒದ್ದೆ ಮಾಡಿಕೊಳ್ಳುತ್ತೇನೆ. ಆ ಹಳೆಯ ಸಿನಿಮಾ, ಆ ಹಳೆಯ ಬೇವಿನ ಮರ, ಆ ಹಳೆಯ ಎತ್ತು! ಹಳೆಯದನ್ನು ಪ್ರೀತಿಸುವುದು ಬಹಳ ಸುಖ. ಅದು ಮೇವು ಕೇಳುವುದಿಲ್ಲ. ಅಪ್ಪನನ್ನು ನಾನು ದೂರಲಾರೆ. ಅವನಿಗೆ ಮೇವಿನ ಚಿಂತೆಯಿತ್ತು, ಸಾಲದ ಚಿಂತೆಯಿತ್ತು. ನನಗಿದ್ದುದು ಒಂದು ಮಾತು ಆಡುವ ಕೆಲಸ ಮಾತ್ರ.

ಮಾರಿದತ್ತ ಕೊನೆಗೆ ಏನು ಮಾಡಿದ? ಕಥೆ ಕೇಳಿ ಅವನು ಬರಿದೆ ಮರುಗಿ ಕೂತಿದ್ದರೆ ಜನ್ನನ ಕಾವ್ಯ ಮುಗಿಯುತ್ತಿರಲಿಲ್ಲ. ಬಲಿಯನ್ನು ನಿಲ್ಲಿಸಿದ. ಭಯಾನಕ ಕಥೆಯೊಂದು ಕೇಳಿದವನ ಕೈಯನ್ನು ತಡೆದ ಉದಾಹರಣೆ ನಮ್ಮ ಸಾಹಿತ್ಯದಲ್ಲಿಯೇ ಇದೆ. ಆ ಕಥೆ ಹೇಳಿದವನ ಹೆಸರು ಅಭಯರುಚಿ. ಹೆದರಿಕೆಯ ರುಚಿ ಕಂಡ ನನ್ನಂಥವನು ಆ ಇನ್ನೊಂದು ರುಚಿಯನ್ನೂ ಕಾಣಬೇಡವೆ?

ಈ ವರ್ಷ ಮಣ್ಣೆತ್ತಿನ ಅಮಾವಾಸ್ಯೆಗೆ ಶಿರೋಳಕ್ಕೆ ಹೋಗಿದ್ದೆ. ಅಪ್ಪ ಈಗಿಲ್ಲ, ಹೊಲಮನೆ ತಮ್ಮನ ಕೈಯಲ್ಲಿದೆ. ಅವನಲ್ಲಿ ಎತ್ತೊಂದು ಉಳಿದಿದೆ. ಅದರ ಜೋಡಿ ಹಿಂದಿನ ವರ್ಷ ಸತ್ತಿತು. ಒಂಟಿ ಎತ್ತಿಗೆ ಕೆಲಸವಿಲ್ಲ. ಊಟಕ್ಕೆ ಕೂತಾಗ ತಮ್ಮ ಅಂದ: “ಅಣ್ಣಾ, ಇದನ್ನ ಸಂತಿಗೆ ಹೊಡೀಬೇಕಂತ ಮಾಡೇನಿ. ಕಟ್ಟಿ ಮೇಯ್ಸೂದು ಆಗವಲ್ದು. ಏನಂತಿ?”

ಅದೇ ಮನೆ, ಅದೇ ಪ್ರಶ್ನೆ. ಮೂವತ್ತು ವರ್ಷದ ಹಿಂದೆ ಮರಕ್ಕೆ ಹಾರಿದ್ದ ಹೆಣ ಮತ್ತೆ ಹೆಗಲ ಮೇಲೆ ಬಂದು ಕೂತಿತ್ತು.

“ಬ್ಯಾಡ,” ಎಂದೆ. “ಅದರ ಮೇವಿನ ರೊಕ್ಕ ತಿಂಗಳಾ ನಾ ಕಳಸ್ತೇನಿ. ಇರಲಿ.”

ತಮ್ಮ ನನ್ನ ಮುಖವನ್ನೇ ನೋಡಿದ. “ಎಷ್ಟ ವರ್ಷ ಕಳಸ್ತಿ?” ಎಂದ. ಅವನು ಒಕ್ಕಲಿಗ, ಲೆಕ್ಕ ಕೇಳುವುದು ಅವನ ಧರ್ಮ. ಮೇಲಾಗಿ ಪ್ರತಿ ಊರಿನಲ್ಲಿ ಇಂಥ ಎತ್ತುಗಳಿವೆ, ಪ್ರತಿ ಎತ್ತಿಗೂ ಸಂಬಳದ ಅಣ್ಣನೊಬ್ಬ ಇರುವುದಿಲ್ಲ ಎಂಬುದೂ ನನಗೆ ಗೊತ್ತಿದೆ. ಅದಕ್ಕೆಲ್ಲ ನನ್ನಲ್ಲಿ ಉತ್ತರವಿಲ್ಲ. ಬಾಯಿ ಬಿಟ್ಟವನಿಗೆ ಬೇತಾಳ ಕೊಡುವ ಫಲವೇ ಅದು. ಹೆಣ ಮರಕ್ಕೆ ಹಾರುತ್ತದೆ, ತಿಂಗಳು ತಿಂಗಳೂ ಹೋಗಿ ಹೊತ್ತು ತರಬೇಕು. ಆದರೆ ತಲೆಯಂತೂ ಹೆಗಲ ಮೇಲಿದೆ.

ಊಟವಾದ ಮೇಲೆ ಹಕ್ಕೆಗೆ ಹೋದೆ. ಕಂಬಕ್ಕೆ ಇನ್ನೂ ಸಾರಂಗನ ಗೆಜ್ಜೆಸರ ತೂಗುಬಿದ್ದಿತ್ತು. ಅದನ್ನು ತೆಗೆದು, ಧೂಳು ಕೊಡವಿ, ಮುದಿ ಎತ್ತಿನ ಕೊರಳಿಗೆ ಕಟ್ಟಿದೆ. ಅದು ಒಮ್ಮೆ ತಲೆ ಕೊಡವಿ ಸಪ್ಪಳ ಕೇಳಿಕೊಂಡು, ಮತ್ತೆ ಮೇವಿಗೆ ಬಾಯಿ ಹಾಕಿತು.